ಟವೆಲ್ಲಿನ ಕೆಳಗೆ ಐದು ಬೆರಳು

ಹಸಿ ಕಾಳುಮೆಣಸನ್ನು ಕಣದಲ್ಲಿ ತುಳಿಯುವಾಗ ಏಳುವ ವಾಸನೆ ಮೊದಲು ಮೂಗಿಗೆ ಬರುವುದಿಲ್ಲ, ಗಂಟಲಿಗೆ ಬರುತ್ತದೆ. ಅಲ್ಲಿ ಒಂದು ಸಲ ಕೆರೆದು, ಆಮೇಲೆ ಕಣ್ಣಿಗೆ ಹತ್ತುತ್ತದೆ. ಇಪ್ಪತ್ತೆಂಟು ವರ್ಷದಿಂದ ಮೆಣಸು ವ್ಯಾಪಾರ ಮಾಡುತ್ತಿರುವ ನನಗೇ ಇನ್ನೂ ಅಭ್ಯಾಸವಾಗಿಲ್ಲ.

ಹೋದ ತಿಂಗಳು ಹೊಂಗಡಹಳ್ಳದಲ್ಲಿ ಮಲ್ಲೇಶನ ಕಣಕ್ಕೆ ಹೋಗಿದ್ದೆ. ಮೂರು ಎಕರೆ ತೋಟದವನು, ನಲವತ್ತರ ಆಸುಪಾಸು. ನಾಲ್ಕು ಜನ ಹೆಂಗಸರು ಸೀರೆ ಎತ್ತಿ ಕಟ್ಟಿ ಗೊಂಚಲು ತುಳಿಯುತ್ತಿದ್ದರು. ನಾನು ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದೆ. ಇದು ನನ್ನ ಹಳೇ ಚಾಳಿ. ಬಟ್ಟೆಯ ಕೆಳಗೆ ಬೆರಳು ಹಿಡಿದು ರೇಟು ಹೇಳುವುದು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಈಗ ಎಲ್ಲರ ಫೋನಿನಲ್ಲೂ ಬೆಳಿಗ್ಗೆ ಎದ್ದರೆ ರೇಟು ಬಂದಿರುತ್ತದೆ, ನಿಜ. ಆದರೆ ಫೋನಿನ ರೇಟಿಗೂ ನಿಮ್ಮ ಕಣದ ಮೆಣಸಿಗೂ ನಡುವೆ ಇರುವ ಸಂದು ಇದೆಯಲ್ಲ, ನನ್ನ ಜೀವನ ನಡೆದಿರುವುದೇ ಆ ಸಂದಿನಲ್ಲಿ.

ಮಲ್ಲೇಶ ನನ್ನ ಬೆರಳು ಹಿಡಿದುಕೊಂಡೇ ಹೇಳಿದ. "ಧರ್ಮಣ್ಣ, ಅವಸರ ಏನಿಲ್ಲ, ನಿಧಾನಕ್ಕೆ ಮಾತಾಡಣ. ಸೋಮವಾರ ಮಂಗಳೂರಿಗೆ ಆಪರೇಷನ್ನಿಗೆ ಬಾ ಅಂದವ್ರೆ. ನಾನು ಹೋಗಕಿಲ್ಲ."

ಅವನಿಗೆ ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಅಂತ ನನಗೆ ಗೊತ್ತಿತ್ತು. ಕಿಮೋ ಮದ್ದು, ರೇಡಿಯೇಷನ್ ಕರೆಂಟು ಎಲ್ಲಾ ಆಗಿತ್ತು ಅಂತಲೂ ಕೇಳಿದ್ದೆ.

"ಯಾಕೋ ಹೋಗಲ್ಲ?"

"ಈಗ ನೋವೇ ಇಲ್ಲ ಕಣಣ್ಣ. ರಕ್ತ ಹೋಗೋದು ನಿಂತೈತೆ. ಗಡ್ಡೆ ಅರ್ಧಕ್ಕೆ ಇಳ್ದೈತೆ ಅಂತ ಅವ್ರೇ ಅಂದ್ರು. ಇಳೀತಾ ಇರೋದನ್ನ ಯಾಕೆ ಕುಯ್ಬೇಕು? ಮೆಣಸೆಲ್ಲ ಮುಗೀಲಿ, ಅದೂ ಇನ್ನೊಸಿ ಇಳೀಲಿ, ಆಮೇಕೆ ನೋಡನ."

ಟವೆಲ್ಲಿನ ಕೆಳಗೆ ನನ್ನ ಕೈ ನಿಂತುಬಿಟ್ಟಿತು. ಇನ್ನೂ ಇಳೀಲಿ ಅನ್ನುವ ಮಾತು ನನಗೆ ಹೊಸದಲ್ಲ. ಏಳು ವರ್ಷದ ಹಿಂದೆ, ಹಾನುಬಾಳಿನ ಇಂಥದೇ ಒಂದು ಕಣದಲ್ಲಿ ನಿಂತು ಅದನ್ನು ಹೇಳಿದವನು ನಾನು. ಕೇಳಿಸಿಕೊಂಡವರು ಕಾಕಾ.

ಕಾಕಾ ಅಂದರೆ ಹಸನಬ್ಬ. ಸಕಲೇಶಪುರದ ಪೇಟೆಯವರು, ಅವರ ತಂದೆಯ ಕಾಲದಲ್ಲಿ ಕೆಳಗಿನ ಸೀಮೆಯಿಂದ ಘಾಟಿ ಹತ್ತಿ ಬಂದ ಮನೆತನ. ನಾನೋ, ಆಲೂರು ಕಡೆಯ ಗೇಣು ನೆಲವಿಲ್ಲದವನು. ದನದ ಸಂತೆಯಲ್ಲಿ ದಲ್ಲಾಳಿಗಳ ಹಿಂದೆ ಓಡಾಡಿ ಬೆರಳ ಭಾಷೆ ಕಲಿತು, ಮೆಣಸಿನಲ್ಲಿ ಕಾಸಿದೆ ಅಂತ ಕೇಳಿ ಬೆಟ್ಟ ಹತ್ತಿದವನು. ಬಂದ ಹೊಸದರಲ್ಲಿ ಆನೇಮಹಲ್ ಹತ್ತಿರದ ಒಂದು ಎಸ್ಟೇಟಿನಲ್ಲಿ ಬಳ್ಳಿ ಮೇಲಿನ ಫಸಲನ್ನು ನಾನೂ ನೋಡಿದೆ, ಕಾಕಾನೂ ನೋಡಿದರು. ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿ, ಇಷ್ಟು ಮೂಟೆ ಆಗುತ್ತದೆ ಅಂತ ಅಂದಾಜು ಕಟ್ಟಿ, ಕೀಳುವ ಮೊದಲೇ ಗುತ್ತಿಗೆ ಹಿಡಿಯುವ ವ್ಯಾಪಾರ ಅದು. ನಾನು ಜಾಸ್ತಿ ಕೂಗಿ ಹಿಡಿದೆ. ಕಾಕಾ ನಗುತ್ತಾ ಬಿಟ್ಟುಕೊಟ್ಟರು. ಕಿತ್ತಾಗ ಗೊತ್ತಾಯಿತು, ಕಾಳು ಬರೀ ಹೊರಗಡೆ, ಬಿಸಿಲು ಬೀಳುವ ಕಡೆ ಮಾತ್ರ. ಒಳಗೆ ಬರೀ ಎಲೆ.

"ಮುಂದಿನ ಸಲ ಮರದ ಹಿಂದುಗಡೆನೂ ಹೋಗಿ ನೋಡು ಮಾರಾಯ" ಅಂದರು ಕಾಕಾ. "ಬಳ್ಳಿ ಮುಂದೆ ನಗ್ತದೆ, ಹಿಂದೆ ಅಳ್ತದೆ."

ಆ ನಷ್ಟದಿಂದಲೇ ಸ್ನೇಹ ಹುಟ್ಟಿತು. ಮೂರನೇ ವರ್ಷ ಇಬ್ಬರೂ ಸೇರಿ ವ್ಯಾಪಾರ ಶುರು ಮಾಡಿದೆವು. ಅವರ ಜೀಪು, ನನ್ನ ಬಾಯಿ.

ಕಾಕಾ ಆರಡಿ ಆಳು. ಕೆಂಪು ಚೌಕದ ಟವೆಲ್ಲು. ಊಟದಲ್ಲಿ ಭೂಪತಿ. ಗೌಡರ ಎಸ್ಟೇಟುಗಳಲ್ಲಿ ಕಡುಬು ಇಟ್ಟರೆ ಎಣಿಸದೆ ತಿನ್ನುತ್ತಿದ್ದರು. ಅದು ಮುಗಿಸಿ ಹಾನುಬಾಳಿನ ಹೋಟೆಲಿನಲ್ಲಿ ಪರೋಟ ಹೇಳುತ್ತಿದ್ದರು. ಅಂಥವರು ಏಳು ವರ್ಷದ ಹಿಂದೆ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ತಟ್ಟೆಯಲ್ಲಿ ಅರ್ಧ ಬಿಡತೊಡಗಿದರು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದರು.

"ಗ್ಯಾಸು ಕಣೋ" ಅಂದರು. ನಾನೇ ಮೆಡಿಕಲ್ಲಿನಿಂದ ಮಾತ್ರೆ ತಂದುಕೊಟ್ಟೆ. ಒಂದು ಪಟ್ಟಿ ಅಲ್ಲ, ಎರಡು ತಿಂಗಳು ತಂದುಕೊಟ್ಟೆ. ಅವರ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು, ಮೊಳೆಯಲ್ಲಿ ಹೊಡೆದ ತೂತು. ಅದನ್ನೂ ನೋಡಿದ್ದೆ. ಮೂವತ್ತಡಿ ಮೇಲಿನ ಗೊಂಚಲು ನೋಡಿ ತೂಕ ಹೇಳುವ ನಾನು, ಜೀಪಿನಲ್ಲಿ ಪಕ್ಕ ಕೂತ ಮನುಷ್ಯ ಕರಗುತ್ತಿದ್ದುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಓದುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಉಪವಾಸ, ಪಥ್ಯ ಏನೂ ಮಾಡದೆ ಬೆಲ್ಟಿಗೆ ಹೊಸ ತೂತು ಹೊಡೆದರೆ, ಮಾತ್ರೆ ತರಲು ಹೋಗಬೇಡಿ, ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೊನೆಗೆ ಕಂಡುಹಿಡಿದವರು ನಫೀಸಕ್ಕ, ಕಾಕಾನ ಹೆಂಡತಿ. ಒಂದು ಶುಕ್ರವಾರ ಫೋನ್ ಮಾಡಿ, "ಧರ್ಮಣ್ಣ, ಇವತ್ತು ಇವ್ರು ಮೀನು ಬೇಡ ಅಂದ್ರು" ಅಂದರು. ಅಷ್ಟೇ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಆ ಮಾತು ಹುಟ್ಟಿರಲಿಲ್ಲ. ಮಾರನೇ ದಿನವೇ ಹಾಸನಕ್ಕೆ ಹೋದೆವು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದರು, ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತೀವಲ್ಲ, ಹಾಗೆ. ವಾರ ಕಳೆದು ಬಂದ ಕಾಗದ ಹಿಡಿದು ಘಾಟಿ ಇಳಿದೆವು.

ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರು ಒಬ್ಬ ಹೆಂಗಸು, ನನಗಿಂತ ಚಿಕ್ಕವರು. ಡಾಕ್ಟರಮ್ಮ ಅಂತಲೇ ಕರೆದೆವು. ಎಲ್ಲಾ ಕಾಗದ ನೋಡಿ, ಬಿಳಿ ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು ತೋರಿಸಿದರು. ಜಠರದ ಕೆಳಭಾಗದಲ್ಲಿ ಗಡ್ಡೆ. ಮೊದಲು ಎರಡು ವಾರಕ್ಕೊಂದರಂತೆ ನಾಲ್ಕು ಸಲ ಮದ್ದು. ಅದಾಗಿ ತಿಂಗಳು, ಹೆಚ್ಚೆಂದರೆ ತಿಂಗಳೂವರೆಯೊಳಗೆ ಆಪರೇಷನ್. ಆಮೇಲೆ ಮತ್ತೆ ನಾಲ್ಕು ಸಲ ಮದ್ದು.

ನಾನು ಸುಮ್ಮನಿರಬೇಕಿತ್ತು. ಆಗಲಿಲ್ಲ. "ಡಾಕ್ಟ್ರಮ್ಮ, ಒಂದು ಫೈನಲ್ ಮಾತು ಹೇಳ್ಬಿಡಿ. ಆಪರೇಷನ್ ಮಾಡ್ಸಿದ್ರೆ ಎಷ್ಟು ವರ್ಷ?"

ಅವರು ಪೆನ್ನು ಕೆಳಗಿಟ್ಟು ಕೇಳಿದರು. "ನೀವು ಏನು ಕೆಲಸ ಮಾಡೋದು?"

"ಮೆಣಸು ವ್ಯಾಪಾರ."

"ಹಾಗೇ ಅನ್ನಿಸಿತು. ನೋಡಿ, ಇದು ಹೊಟ್ಟೆ ಬಿಟ್ಟು ದೂರ ಹೋಗಿಲ್ಲ ಅಂತ ಸ್ಕ್ಯಾನ್ ಹೇಳ್ತದೆ. ಹೀಗಿರುವಾಗ ಪೂರ್ತಿ ತೆಗೆದರೆ ಬದುಕುವ ದಾರಿ ಉಂಟು. ಬರೀ ಮದ್ದಿನಿಂದ ಇದು ಹೋಗುವುದಿಲ್ಲ, ಸ್ವಲ್ಪ ಕಾಲ ಸುಮ್ಮನಿರ್ತದೆ, ಅಷ್ಟೇ. ಆಪರೇಷನ್ ಆಗಿ ಐದು ವರ್ಷ ದಾಟಿದರೆ ನಾವು ಸ್ವಲ್ಪ ಧೈರ್ಯವಾಗಿ ಮಾತಾಡ್ತೇವೆ. ಆದರೆ ಇವರಿಗೇ ಐದು ಸಿಗ್ತದೆ ಅಂತ ನಾನು ಬರೆದುಕೊಡುವುದಿಲ್ಲ."

ಹೊರಗೆ ಬಂದ ಮೇಲೆ ಕಾಕಾ ಹೇಳಿದರು. "ಅವಳ ಬಾಯಿಂದ ಐದು ಬಂತಲ್ಲ, ಅದು ಅವಳ ಮೊದಲನೇ ರೇಟು. ಅಲ್ಲಿಂದ ನಾವು ಮೇಲೆ ಹೋಗ್ಬೇಕು."

ನಫೀಸಕ್ಕ ಕಣ್ಣೊರೆಸಿಕೊಳ್ಳುತ್ತಿದ್ದವರು ಸೆರಗು ಬಿಟ್ಟು ಇಬ್ಬರನ್ನೂ ದುರುಗುಟ್ಟಿ ನೋಡಿದರು.

ಆ ಚಳಿಗಾಲ ಮರೆಯುವುದಿಲ್ಲ. ಹತ್ತು ಗಂಟೆಯಾದರೂ ಮಂಜು ಕರಗದ ದಿನಗಳು. ಮೆಣಸಿನ ಕಾಲ ಬಂತು. ಮದ್ದಿನ ಗುಣವೋ ಏನೋ, ಕಾಕಾನಿಗೆ ತಣ್ಣನೆಯದು ಮುಟ್ಟಿದರೆ ಕರೆಂಟು ಹೊಡೆದಂತೆ ಆಗುತ್ತಿತ್ತು. ಜೀಪಿನ ಸ್ಟೇರಿಂಗಿಗೆ ನಫೀಸಕ್ಕ ಹಳೇ ಸ್ವೆಟರಿನ ತೋಳು ಕತ್ತರಿಸಿ ಸುತ್ತಿಕೊಟ್ಟರು. ಅದಕ್ಕಿಂತ ಕಷ್ಟ ಬೆರಳಿನದು. ತುದಿಗಳಲ್ಲಿ ಜೋಮು. ಟವೆಲ್ಲಿನ ಕೆಳಗೆ ಕೈ ಕೊಟ್ಟರೆ ಎದುರಿನವನು ಯಾವ ಬೆರಳು ಹಿಡಿದ ಅಂತ ಗೊತ್ತಾಗುತ್ತಿರಲಿಲ್ಲ. ಒಬ್ಬ ಪ್ಲಾಂಟರು ಮೂರು ಹಿಡಿದಿದ್ದನ್ನು ಎರಡು ಅಂತ ತಿಳಿದು ಕಾಕಾ ಒಪ್ಪಿಬಿಟ್ಟರು. ಜೀಪು ಹತ್ತಿದ ಮೇಲೆ ಕೈ ಮುಂದಕ್ಕೆ ಚಾಚಿ ನೋಡಿಕೊಂಡರು.

"ಕೂದಲು ಹೋದ್ರೆ ಟೊಪ್ಪಿ ಇಡ್ಬಹುದು. ಬೆರಳು ಹೋದ್ರೆ ಏನಿಡೋದೋ ಧರ್ಮ?"

"ನಾನು ಹಿಡೀತೀನಿ ಬಿಡಿ ಕಾಕಾ. ನೀವು ಬರೀ ಟವೆಲ್ ಹಾಕಿ."

ಹಾಗೆ ಆ ಸೀಸನ್ ಪೂರ್ತಿ ಬೆರಳು ನನ್ನದು, ತಲೆ ಅವರದು. ನಾನು ಹಿಡಿದುಕೊಂಡು ಅವರ ಮುಖ ನೋಡುತ್ತಿದ್ದೆ. ಅವರು ಹುಬ್ಬು ಏರಿಸಿದರೆ ಮುಂದೆ, ಕೆಮ್ಮಿದರೆ ಸಾಕು. ಎಂದೂ ಇಲ್ಲದ ಲಾಭ ಆ ವರ್ಷ ಬಂತು.

ನಾಲ್ಕನೇ ಮದ್ದು ಮುಗಿದು ಮೂರು ವಾರಕ್ಕೆ ಆಶ್ಚರ್ಯವೇ ನಡೆಯಿತು. ಕಾಕಾ ಉಂಡರು. ಮೊದಲು ಗಂಜಿ, ಆಮೇಲೆ ಅನ್ನ, ಆಮೇಲೆ ಒಂದು ಭಾನುವಾರ ತಾವೇ ಮೀನಿನ ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಂದರು. ರೊಬಸ್ಟಾ ಹೂ ಬಿಟ್ಟು ಹಾನುಬಾಳು ರಸ್ತೆಯೆಲ್ಲ ಘಮಘಮ ಅನ್ನುತ್ತಿತ್ತು. ಜೀಪು ನಿಲ್ಲಿಸಿ, "ವಾಸನೆ ವಾಪಸ್ ಬಂತು ಮಾರಾಯ" ಅಂತ ನಿಂತೇ ಇದ್ದರು. ಸ್ಕ್ಯಾನ್ ಆಯಿತು. ಗಡ್ಡೆ ಚೆನ್ನಾಗಿ ಇಳಿದಿದೆ ಅಂತ ಬಂತು. ಏಪ್ರಿಲ್ ಕೊನೆಗೆ ಆಪರೇಷನ್ನಿನ ತಾರೀಕು ಕೊಟ್ಟರು.

ಆ ತಾರೀಕಿಗೆ ಒಂದು ವಾರ ಇರುವಾಗಿನ ಮಧ್ಯಾಹ್ನ. ಹಾನುಬಾಳಿನಲ್ಲಿ ಕಾಕಾ ತಮ್ಮದು ಅಂತ ಮಾಡಿಕೊಂಡಿದ್ದ ಒಂದೂವರೆ ಎಕರೆ ತೋಟದ ಕಣದಲ್ಲಿ ಕೊನೆಯ ಮೆಣಸು ಒಣಗುತ್ತಿತ್ತು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ಕೂತಿದ್ದ. "ನಮ್ಮ ಭಾವಂಗೂ ಹಿಂಗೇ. ಹೊಟ್ಟೆ ಕುಯ್ದ್ರು, ಹೊಲಿದ್ರು. ಎರಡೇ ತಿಂಗಳಿಗೆ ಹೋಗ್ಬುಟ್ಟ. ಕಬ್ಬಿಣ ತಾಗಿದ್ರೆ ಅದು ಮೈಯೆಲ್ಲ ಹರಡ್ತದಂತೆ" ಅಂತ ಹೇಳಿ, ಚಾ ಕುಡಿದು ಎದ್ದು ಹೋದ.

ಕಾಕಾ ಮೆಣಸು ಕೈಯಾಡುತ್ತಾ ನನ್ನ ಕಡೆ ನೋಡಿದರು. "ನೀನೇನಂತೀಯ?"

ನನ್ನನ್ನು ಯಾರಾದರೂ ಏನಂತೀಯ ಅಂತ ಕೇಳಿದರೆ ಗೊತ್ತಿಲ್ಲ ಅಂದ ಚರಿತ್ರೆಯೇ ಇಲ್ಲ. ಬೆಳೆ, ಮದುವೆ, ಕೋರ್ಟು, ಜೀಪಿನ ಗೇರು, ಎಲ್ಲದಕ್ಕೂ ನನ್ನದೊಂದು ಮಾತು ಇರುತ್ತದೆ. ಅವತ್ತೂ ಇತ್ತು.

"ಇಳೀತಾ ಇರೋ ಮಾರ್ಕೆಟ್ಟಲ್ಲಿ ಯಾರು ಕೈ ಹಾಕ್ತಾರೆ ಕಾಕಾ? ನಾವು ಎಂದಾದ್ರೂ ಹಾಕಿದೀವಾ? ನಾಲ್ಕು ಸಲಕ್ಕೆ ಇಷ್ಟು ಇಳೀತು. ಇನ್ನೂ ಇಳೀಲಿ. ತಳ ಮುಟ್ಟಿದ ಮೇಲೆ ಮಾತಾಡಿದ್ರೆ ಅವರೂ ಕಮ್ಮಿ ಕುಯ್ತಾರೆ."

ಎಷ್ಟು ಸಲೀಸಾಗಿ ಹೇಳಿದೆ. ಎಷ್ಟು ಜಾಣತನ ಅಂತ ನನಗೇ ಅನ್ನಿಸಿತ್ತು. ಕಾಕಾನ ಮುಖ ಅರಳಿತು. ಹೆದರಿದವನಿಗೆ ಧೈರ್ಯ ಹೇಳುವುದಕ್ಕಿಂತ ನೆಪ ಕೊಡುವುದು ಸುಲಭ. ಆ ನೆಪಕ್ಕೆ ವ್ಯಾಪಾರದ ಬಣ್ಣ ಬಳಿದು ಕೊಟ್ಟವನು ನಾನು.

ತೋಟದ ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ನಫೀಸಕ್ಕ ಮೊರ ಪಕ್ಕಕ್ಕಿಟ್ಟು ಎದ್ದು ಬಂದರು. "ನೀವಿಬ್ರೂ ಕೂತು ಏನ್ರೀ ಮಾಡ್ತಿದೀರಾ? ರೇಟು ಮಾತಾಡ್ತಿದೀರಾ? ಅವರು ತಾರೀಕು ಕೊಟ್ಟವ್ರೆ. ಆ ತಾರೀಕಿಗೆ ಹೋಗಿ ಮಲಗೋದು. ಅಷ್ಟೇ."

"ನಿಂಗೆ ಯಾಪಾರ ಗೊತ್ತಾಗಲ್ಲ ಬಿಡು" ಅಂದರು ಕಾಕಾ.

"ಯಾಪಾರ ಗೊತ್ತಿಲ್ಲ. ನಿಮ್ಮ ಹೊಟ್ಟೆ ಗೊತ್ತು. ಅದಕ್ಕೆ ಮೂವತ್ತು ವರ್ಷ ಅನ್ನ ಹಾಕಿರೋಳು ನಾನು."

ನಾನು ನಕ್ಕೆ. ಅದನ್ನು ನೆನೆದರೆ ಇವತ್ತೂ ಮೈ ಬಿಸಿಯಾಗುತ್ತದೆ.

ತಾರೀಕು ಬಂತು, ಹೋಯಿತು. ಆಸ್ಪತ್ರೆಯಿಂದ ಫೋನ್ ಬಂತು. "ಎತ್ತಬೇಡಿ" ಅಂದೆ. ನಮ್ಮ ಕಸುಬಿನಲ್ಲಿ ಅದೊಂದು ಪಟ್ಟು. ನಾವು ಫೋನ್ ಎತ್ತದಿದ್ದರೆ ಮಾಲು ಹಿಡಿದುಕೊಂಡವನಿಗೆ ಗಾಬರಿ ಹತ್ತುತ್ತದೆ, ತಾನೇ ಇಳಿಯುತ್ತಾನೆ. ಮೂರು ಸಲ ಫೋನ್ ಬಂತು. ಆಮೇಲೆ ನಿಂತಿತು. ನಾವು ಗೆದ್ದೆವು ಅಂದುಕೊಂಡೆವು. ಯಾರ ಮೇಲೆ ಗೆದ್ದದ್ದು? ಆ ಡಾಕ್ಟರಮ್ಮನ ಹತ್ತಿರ ಮಾರುವ ಮಾಲು ಏನಿತ್ತು? ಅವರು ಕೂಗುತ್ತಿದ್ದುದು ನಮ್ಮದೇ ಜೀವವನ್ನು ನಮಗೇ ಕೊಡುವುದಕ್ಕೆ.

ಮೇ ತಿಂಗಳು ಪೂರ್ತಿ ಹೋಯಿತು. ಸಂಜೆ ಮಳೆ ಶುರುವಾಯಿತು. ಒಂದು ದಿನ ಹಾನುಬಾಳಿನ ಹೋಟೆಲಿನಲ್ಲಿ ಕೂತಿದ್ದೆವು. ಹೊರಗೆ ಬಸ್ಸಿನ ಮೇಲಿಂದ ನೀರು ಸುರಿಯುತ್ತಿತ್ತು. ಕಾಕಾ ಪರೋಟ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಎರಡನೇ ತುತ್ತು ಅಗಿದರು, ಅಗಿದರು, ನುಂಗಲಿಲ್ಲ. ಎದ್ದು ಹಿಂದುಗಡೆ ಹೋಗಿ ಎಲ್ಲಾ ಕಕ್ಕಿ ಬಂದರು. ಮುಖ ತೊಳೆದುಕೊಂಡು ಬಂದು ಕೂತು, ಚಾದ ಲೋಟವನ್ನು ನಿಧಾನವಾಗಿ ನನ್ನ ಕಡೆ ತಳ್ಳಿದರು.

"ಮಾರ್ಕೆಟ್ ತಿರುಗ್ತು ಕಣೋ ಧರ್ಮ."

ಮಾರನೇ ಬೆಳಿಗ್ಗೆಯೇ ಘಾಟಿ ಇಳಿದೆವು. ದಾರಿಯುದ್ದಕ್ಕೂ ನಫೀಸಕ್ಕ ಒಂದೇ ಒಂದು ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರಮ್ಮ ಬೈದರು. ದನಿ ಎತ್ತದೆ ಬೈದರು. "ಅದು ಚಿಕ್ಕದಾಗಿದ್ದು ನೀವು ಕೂತು ನೋಡಲಿ ಅಂತ ಅಲ್ಲ. ನನಗೆ ಒಳಗೆ ಕೈಯಾಡಿಸಿ ಪೂರ್ತಿ ತೆಗೆಯಲು ಜಾಗ ಆಗಲಿ ಅಂತ. ಬಾಗಿಲು ತೆರೆದಿರುವಾಗ ಒಳಗೆ ಬರಬೇಕು. ಯಾರು ನಿಮಗೆ ಕಾಯಿರಿ ಅಂತ ಹೇಳಿದ್ದು?"

ನಫೀಸಕ್ಕ ನನ್ನ ಕಡೆ ತಿರುಗುತ್ತಿದ್ದರು.

"ನಾನೇ" ಅಂದರು ಕಾಕಾ. "ನಂದೇ ತಲೆ ಅದು ಡಾಕ್ಟ್ರೇ. ಇವ್ರು ಇಬ್ರೂ ಹೋಗು ಹೋಗು ಅಂತಾನೇ ಇದ್ರು."

ನಾನು ಅಲ್ಲ ಅನ್ನಲಿಲ್ಲ. ಜೀವನದಲ್ಲಿ ಎಷ್ಟೋ ಸಲ ಸುಳ್ಳು ಹೇಳಿ ಗೆದ್ದಿದ್ದೇನೆ. ಅವತ್ತು ಒಂದು ಮಾತೂ ಆಡದೆ ಸೋತೆ.

ಮತ್ತೆ ಸ್ಕ್ಯಾನ್. ಗಡ್ಡೆ ಮೇಲಕ್ಕೆ ಹತ್ತಿತ್ತು. ಮೊದಲಾಗಿದ್ದರೆ ಜಠರದಲ್ಲಿ ಒಂದು ಭಾಗ ಉಳಿಯುತ್ತಿತ್ತು, ಈಗ ಇಡೀ ಜಠರ ತೆಗೆಯಬೇಕು ಅಂದರು. ಅದೂ ಒಳಗೆ ಬೇರೆ ಕಡೆ ಬಿತ್ತನೆಯಾಗಿರದಿದ್ದರೆ. ಮೊದಲು ಸಣ್ಣ ತೂತು ಮಾಡಿ ಕ್ಯಾಮೆರಾ ಇಟ್ಟು ನೋಡುತ್ತೇವೆ. ಹರಡಿದ್ದರೆ ಕುಯ್ದು ಪ್ರಯೋಜನವಿಲ್ಲ, ಮುಚ್ಚಿ ಹೊರಗೆ ಬರುತ್ತೇವೆ ಅಂದರು.

"ಅದು ಈಗ್ಲೇ ಗೊತ್ತಾಗಲ್ವಾ?" ಅಂತ ಕೇಳಿದೆ. ಮರದ ಹಿಂದುಗಡೆ ಹೋಗಿ ನೋಡು ಅಂದಿದ್ದ ಮಾತು ನೆನಪಾಯಿತು.

"ಇಲ್ಲ. ಒಂದು ಗಂಟೆಯಲ್ಲಿ ನಾನು ಹೊರಗೆ ಬಂದರೆ ಒಳ್ಳೆಯ ಸುದ್ದಿ ಅಲ್ಲ. ತಡವಾದಷ್ಟೂ ನೀವು ಖುಷಿಪಡಿ."

ಆಪರೇಷನ್ ದಿನ ಬೆಳಿಗ್ಗೆ ಕಾಕಾನನ್ನು ತಳ್ಳುವ ಮಂಚದ ಮೇಲೆ ಮಲಗಿಸಿ ಹಸಿರು ಬಟ್ಟೆ ಹೊದಿಸಿದ್ದರು. ನಫೀಸಕ್ಕ ತಲೆಯ ಹತ್ತಿರ ನಿಂತು ತುಟಿಯಲ್ಲೇ ಏನೋ ಓದುತ್ತಿದ್ದರು. ಕಾಕಾ ನನ್ನನ್ನು ಹತ್ತಿರ ಕರೆದರು. ಬಟ್ಟೆಯ ಕೆಳಗಿಂದ ಕೈ ಸ್ವಲ್ಪ ಎತ್ತಿದರು. ನಾನು ಕೈ ಒಳಗಿಟ್ಟೆ. ಅವರ ಕೈ ನನ್ನ ಕೈಯನ್ನು ಇಡಿಯಾಗಿ ಹಿಡಿಯಿತು. ಐದು.

ನಾನು ಇಳಿಸಬೇಕಿತ್ತು. ಅದೇ ನಿಯಮ. ಐದು ಅಂದರೆ ಮೂರು ಅನ್ನಬೇಕು, ಮೂರೂವರೆಗೆ ಬರಬೇಕು, ಮುಖ ಹುಳ್ಳಗೆ ಮಾಡಿಕೊಂಡು ನಾಲ್ಕಕ್ಕೆ ಒಪ್ಪಬೇಕು. ಇಪ್ಪತ್ತು ವರ್ಷ ಇದೇ ಬೆರಳುಗಳ ಜೊತೆ ಸೇರಿ ಅದನ್ನೇ ಆಡಿದ್ದೆ. ನಾನೂ ಇಡೀ ಕೈ ಹಿಡಿದೆ. ಐದಕ್ಕೆ ಐದು. ಗಟ್ಟಿಯಾಗಿ, ಜೋಮು ಹಿಡಿದ ಬೆರಳಿಗೂ ಗೊತ್ತಾಗುವ ಹಾಗೆ ಒತ್ತಿದೆ.

ಕಾಕಾ ಕಣ್ಣು ಕಿರಿದು ಮಾಡಿದರು. "ಥೂ. ಒಂದೇ ಮಾತಿಗೆ ಒಪ್ಬುಟ್ಯಲ್ಲೋ. ಇದ್ರಲ್ಲಿ ಏನೋ ಮೋಸ ಐತೆ."

ನರ್ಸು ಬಾಯಿ ಮುಚ್ಚಿಕೊಂಡು ನಕ್ಕಳು. ಮಂಚ ಒಳಗೆ ಹೋಯಿತು.

ಆಗ ಗಂಟೆ ಎಂಟೂಮುಕ್ಕಾಲು. ಒಂಬತ್ತೂವರೆ ಆಯಿತು. ಮಾಲು ಬೇಗ ತೂಗಿಸಿ ಬೇಗ ಹೊರಡುವುದೇ ಜಾಣತನ ಅಂತ ಬದುಕಿದವನು ನಾನು. ಅವತ್ತು ಗಡಿಯಾರಕ್ಕೆ ಕೈ ಮುಗಿದೆ, ಬೇಗ ಮುಗಿಯಬೇಡ ಅಂತ. ಒಂಬತ್ತೂಮುಕ್ಕಾಲಿಗೆ ಆ ಬಾಗಿಲು ತೆರೆಯಿತು. ನಫೀಸಕ್ಕ ನನ್ನ ತೋಳು ಹಿಡಿದರು, ಉಗುರು ಊರುವಷ್ಟು. ಹೊರಗೆ ಬಂದದ್ದು ನೆಲ ಒರೆಸುವ ಹೆಂಗಸು. ಹತ್ತು, ಹನ್ನೊಂದು, ಹನ್ನೆರಡು. ಹನ್ನೆರಡಕ್ಕೆ ನಫೀಸಕ್ಕ ಅವತ್ತಿನ ಮೊದಲ ಮಾತಾಡಿದರು. "ಧರ್ಮಣ್ಣ, ಹೋಗಿ ಏನಾದ್ರೂ ತಿನ್ನಿ. ಇನ್ನೂ ತಡ ಐತೆ." ತಡ ಅನ್ನುವ ಮಾತು ಅಷ್ಟು ಚೆನ್ನಾಗಿ ಕೇಳಿಸಿದ್ದು ಅದೊಂದೇ ಸಲ.

ಡಾಕ್ಟರಮ್ಮ ಹೊರಗೆ ಬಂದಾಗ ಮೂರು ಗಂಟೆ ದಾಟಿತ್ತು. ಹಣೆಯ ಮೇಲೆ ಟೊಪ್ಪಿಯ ಗೆರೆ. ಹರಡಿರಲಿಲ್ಲ. ಇಡೀ ಜಠರ ತೆಗೆದು, ಕರುಳನ್ನು ಮೇಲಕ್ಕೆಳೆದು ಅನ್ನನಾಳಕ್ಕೆ ಜೋಡಿಸಿದ್ದರು. ಕಣ್ಣಿಗೆ ಕಂಡಿದ್ದೆಲ್ಲ ತೆಗೆದಿದ್ದೇನೆ, ಕಾಣದ್ದಕ್ಕೆ ಮದ್ದು ಕೊಡೋಣ ಅಂದರು. ನಾನು ಬಗ್ಗಿ ಕಾಲು ಮುಟ್ಟಲು ಹೋದೆ. "ಬೇಡ, ಮುಂದಿನ ಸಲ ಫೋನ್ ಎತ್ತಿ, ಸಾಕು" ಅಂದರು.

ಆ ಮಳೆಗಾಲದಲ್ಲಿ ಘಾಟಿ ಎಷ್ಟು ಸಲ ಮುಚ್ಚಿತೋ. ಮದ್ದಿನ ತಾರೀಕು ಬಂದರೆ ಸುತ್ತುಹಾದಿ ಹಿಡಿದಾದರೂ ಹೋಗಿ ಮುಟ್ಟುತ್ತಿದ್ದೆವು. ಒಂದು ದಿನವೂ ತಪ್ಪಿಸಲಿಲ್ಲ. ಜುಲೈಯಲ್ಲಿ ಒಂದು ಮಧ್ಯಾಹ್ನ, ಇನ್ನೂ ಸರಿಯಾಗಿ ಕೂರಲೂ ಆಗದ ಕಾಕಾ ಛತ್ರಿ ಹಿಡಿದು ಹಾನುಬಾಳಿನ ತೋಟದಲ್ಲಿ ಕುರ್ಚಿ ಹಾಕಿಸಿಕೊಂಡರು. ಸಿಲ್ವರ್ ಮರಗಳ ಬುಡಕ್ಕೆ ಹೊಸ ಮೆಣಸಿನ ಬಳ್ಳಿ ನೆಡಿಸಬೇಕಂತೆ. ಅದೇ ರೈಟರು ಬೇಲಿಯಾಚೆಯಿಂದ ಕೇಳಿದ. "ಸಾಬ್ರೇ, ಫಸಲು ಬರಕ್ಕೆ ಮೂರು ನಾಲ್ಕು ವರ್ಷ ಬೇಕಲ್ಲ?"

"ನನ್ನ ಹತ್ರ ಐದು ಐತೆ" ಅಂದರು ಕಾಕಾ. "ಒಂದು ನಿಂಗೂ ಕೊಡ್ಲಾ?"

ಜಠರವಿಲ್ಲದ ಬದುಕು ಬೇರೆಯೇ. ದಿನಕ್ಕೆ ಎಂಟು ಸಲ ಊಟ, ಒಂದು ಹಿಡಿಯಷ್ಟು. ಜೀಪಿನಲ್ಲಿ ಸಣ್ಣ ಸಣ್ಣ ಡಬ್ಬಿ. ಸಿಹಿ ಜಾಸ್ತಿಯಾದರೆ ಮೈಯೆಲ್ಲ ಬೆವರಿ ತಲೆ ತಿರುಗುತ್ತಿತ್ತು. ಆಗಾಗ ಒಂದು ಇಂಜೆಕ್ಷನ್. ಆರಡಿ ಆಳು ಕಡ್ಡಿಯಾದರು. ಆದರೆ ಬಂದರು, ಮುಂದಿನ ಸೀಸನ್ನಿಗೆ ಮರದ ಕೆಳಗೆ ಬಂದು ಕತ್ತೆತ್ತಿ ನಿಂತರು. ಅದರ ಮುಂದಿನ ಸೀಸನ್ನಿಗೂ. ಬೆರಳಿನ ಜೋಮು ಒಂದು ವರ್ಷಕ್ಕೆ ಮುಕ್ಕಾಲು ಬಿಟ್ಟಿತು. ವ್ಯಾಪಾರದ ನಡುವೆ ಡಬ್ಬಿ ಬಿಚ್ಚಿ, ಎದುರಿನವನಿಗೂ ಒಂದು ತುತ್ತು ಕೊಟ್ಟು, ಅವನು ಅಗಿಯುವ ಹೊತ್ತಿಗೆ ರೇಟು ಮುಗಿಸುವ ಹೊಸ ಪಟ್ಟೊಂದನ್ನು ಕಂಡುಹಿಡಿದಿದ್ದರು. ನಾಲ್ಕನೇ ವರ್ಷ ಆ ಬಳ್ಳಿಗಳ ಮೊದಲ ಫಸಲು ಬಂತು. ಕಡಿಮೆಯೇ. ಆದರೆ ಮರದ ಹಿಂದುಗಡೆಯೂ ಇತ್ತು, ನಾನು ಹೋಗಿ ನೋಡಿದೆ.

ಅದಾಗಿ ಕೆಲವು ತಿಂಗಳಿಗೆ ಪರೀಕ್ಷೆಯಲ್ಲಿ ಲಿವರಿನ ಮೇಲೆ ಕಾಣಿಸಿತು. ಈ ಸಲ ಕುಯ್ಯುವ ಹಾಗಿಲ್ಲ ಅಂದರು. ನಾನು ಡಾಕ್ಟರಮ್ಮನನ್ನು ಒಬ್ಬನೇ ಹೋಗಿ ಕಂಡೆ. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ಕಾಯಿರಿ ಅಂದವನು ನಾನು. ಫೋನ್ ಎತ್ತಬೇಡಿ ಅಂದವನೂ ನಾನೇ. ಆ ಆರು ವಾರ ಇಲ್ಲದಿದ್ದರೆ?

ಅವರು ಕಾಕಾನ ಫೈಲು ಮುಚ್ಚಿ ಹೇಳಿದರು. "ಒಬ್ಬ ಮನುಷ್ಯನ ವಿಷಯದಲ್ಲಿ ಅದನ್ನು ಯಾರೂ ಹೇಳಲಿಕ್ಕಾಗುವುದಿಲ್ಲ. ಸರಿಯಾದ ದಿನ ಬಂದವರಿಗೂ ಮರಳಿ ಬಂದದ್ದುಂಟು. ತಡವಾಗಿ ಬಂದು ಉಳಿದವರೂ ಉಂಟು. ಆಪರೇಷನ್ ಆಗದಿದ್ದರೆ ಈ ನಾಲ್ಕು ಇರ್ತಿರಲಿಲ್ಲ, ಅದು ಮಾತ್ರ ನನಗೆ ಗೊತ್ತು. ನಿಮ್ಮನ್ನು ಸಮಾಧಾನ ಮಾಡಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ. ಇನ್ನೊಬ್ಬರಿಗೆ ಕಾಯಿ ಅಂತ ಮಾತ್ರ ಹೇಳಬೇಡಿ."

ಕೊನೆಯ ದಿನಗಳಲ್ಲಿ ಕಾಕಾ ಪೇಟೆಯ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ಹೋಗಿ ಕೂತೆ. ಕಂಬಳಿಯ ಕೆಳಗಿಂದ ಕೈ ಬಂತು. ಮೂಳೆ ಮತ್ತು ಚರ್ಮ. ನನ್ನ ಕೈ ಹಿಡಿದರು. ನಾಲ್ಕು ಬೆರಳು ಹಿಡಿದು ನನ್ನ ಹೆಬ್ಬೆರಳನ್ನು ಹೊರಗೆ ಬಿಟ್ಟರು.

"ಕಾಕಾ" ಅಂದೆ. "ಅವತ್ತು ಕಣದಲ್ಲಿ ನಾನು ಹಂಗೆ ಹೇಳದಿದ್ರೆ…"

"ಸುಮ್ನಿರೋ." ದನಿ ಪಿಸುಮಾತಿನಷ್ಟೇ ಇತ್ತು, ನಗು ಮಾತ್ರ ಹಳೆಯದು. "ಆ ಒಂದು ವರ್ಷ ನಿನ್ನ ದಲ್ಲಾಳಿ ಕಮಿಷನ್ನು. ದಲ್ಲಾಳಿ ಬಿಡದೆ ಯಾವ ಯಾಪಾರ ಆಗೈತೆ?"

ಗೊತ್ತಿತ್ತು ಅವರಿಗೆ. ಯಾವಾಗಲೂ ಗೊತ್ತಿತ್ತು. ಬಾಗಿಲಲ್ಲಿ ನಫೀಸಕ್ಕ ಚಾ ಹಿಡಿದು ನಿಂತಿದ್ದರು. ಒಳಗೆ ಬಂದು ಲೋಟ ನನ್ನ ಕೈಗೆ ಕೊಟ್ಟರು. ಅದೇ ವಾರ ಕಾಕಾ ಹೋದರು.

ಅವರು ಹಿಡಿಯದೆ ಬಿಟ್ಟ ಆ ಹೆಬ್ಬೆರಳು ನನ್ನ ಕೈಯಲ್ಲಿ ಇನ್ನೂ ಹಾಗೇ ಇದೆ. ಯಾರ ಜೊತೆ ಟವೆಲ್ ಹಾಕಿದರೂ ತಾಗುತ್ತದೆ.

ಹೊಂಗಡಹಳ್ಳದ ಕಣದಲ್ಲೂ ತಾಗಿತು. ಮಲ್ಲೇಶ ಕಾಯುತ್ತಿದ್ದ. ಫೋನಿನ ರೇಟಿಗಿಂತ ಮೇಲೆಯೇ ಕೇಳಿದ್ದ, ಹಸಿ ಮೆಣಸಿಗೆ ಹಾಗೆ ಕೇಳುವುದು ದುರಾಸೆ. ಬೇರೆ ದಿನವಾಗಿದ್ದರೆ ಅರ್ಧ ಗಂಟೆ ಅವನ ಕಾಳನ್ನು ಬೈದು, ತೇವ ಹಿಡಿದಿದೆ ಅಂದು, ಜೀಪಿನವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ಅವನು ಹಿಡಿದಷ್ಟೇ ಬೆರಳನ್ನು ನಾನೂ ಹಿಡಿದೆ.

"ನಿನ್ನ ರೇಟೇ ನನ್ನ ರೇಟು. ಒಣಗಿಸೋದೂ ಬ್ಯಾಡ, ಹಸೀದೇ ತುಂಬಿಸ್ತೀನಿ, ಬಳ್ಳಿ ಮೇಲಿರೋದನ್ನೂ ನಮ್ಮ ಆಳುಗಳೇ ಕೀಳ್ತಾರೆ. ನಿಂಗೆ ಇಲ್ಲಿ ಕೆಲಸ ಇಲ್ಲ. ಸೋಮವಾರ ನೀನು ಮಂಗಳೂರಲ್ಲಿರ್ಬೇಕು. ಇಷ್ಟೇ ಕರಾರು."

ಮಲ್ಲೇಶ ಬಾಯಿ ಬಿಟ್ಟುಕೊಂಡು ನೋಡಿದ. ತುಳಿಯುತ್ತಿದ್ದ ಹೆಂಗಸರೂ ಕಾಲು ನಿಲ್ಲಿಸಿದರು. ಈ ಸೀಮೆಯಲ್ಲಿ ನಾನು ಕೇಳಿದ ರೇಟಿಗೆ ಒಪ್ಪಿದ್ದನ್ನು ಕಂಡವರಿಲ್ಲ.

"ಒಂದೇ ಮಾತಿಗೆ ಒಪ್ಬುಟ್ಟೆ ಅಂದ್ರೆ…" ಅವನು ಟವೆಲ್ಲಿನ ಕೆಳಗಿಂದ ಕೈ ಮೆಲ್ಲಗೆ ಎಳೆದುಕೊಂಡ. "ಧರ್ಮಣ್ಣ, ಇದ್ರಲ್ಲಿ ಏನೋ ಮೋಸ ಐತೆ."

ನಗಲು ಹೋದೆ, ಮೆಣಸಿನ ಘಾಟು ಗಂಟಲಿಗೆ ಹತ್ತಿ ಕೆಮ್ಮು ಬಂತು, ಕಣ್ಣಲ್ಲೆಲ್ಲ ನೀರು. ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

"ಐತೆ" ಅಂದೆ. "ಸೋಮವಾರ ಬೆಳಿಗ್ಗೆ ಜೀಪು ತರ್ತೀನಿ. ಘಾಟಿ ಇಳಿಯುವಾಗ ಹೇಳ್ತೀನಿ."